ಮರೀಬೇಡ, ನೆನೆಸು

ಕಾಳು ಬೇಯಿಸುವುದರಲ್ಲಿ ಅವಳ ಪಾಲು ಅರ್ಧ ಮಾತ್ರ. ಶನಿವಾರ ಸಂಜೆ ಡಬ್ಬಿಯಿಂದ ಎರಡು ಲೋಟ ಕೆಂಪು ಬೀನ್ಸ್ ಕಾಳು ತೆಗೆದು, ತೊಳೆದು, ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು ಹಾಕಿ ತಟ್ಟೆ ಮುಚ್ಚಿಡುವುದು. ಅಲ್ಲಿಗೆ ಅವಳ ಕೆಲಸ ಮುಗಿಯಿತು. ಆಮೇಲಿನದೆಲ್ಲ ಗಂಡನದು. ಭಾನುವಾರ ಬೆಳಿಗ್ಗೆ ಅವನು ಅಡಿಗೆಮನೆ ಹೊಕ್ಕು ಬಾಗಿಲು ಹಾಕಿಕೊಂಡರೆ ಅವಳು ಒಳಗೆ ಇಣುಕುವಂತಿರಲಿಲ್ಲ.

“ವಾರಪೂರ್ತಿ ನಿಂತಿರ್ತೀಯ. ಇವತ್ತೊಂದಿನ ಕಾಲು ಚಾಚಿ ಕೂತ್ಕೋ,” ಅನ್ನುತ್ತಿದ್ದ.

ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಿಸುವವಳು. ಮೆಷಿನ್ನಿಂದ ಬಿಸಿಬಿಸಿ ಚಾದರ ಬರುತ್ತದೆ. ಇಬ್ಬರು ಎರಡು ತುದಿ ಹಿಡಿದು ಜಗ್ಗಬೇಕು, ಮಡಿಸಬೇಕು, ಎದುರುಬದುರು ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಬೆಳಿಗ್ಗೆ ಐದೂವರೆಯಿಂದ ಮಧ್ಯಾಹ್ನ ಮೂರರ ತನಕ ಕೂರುವ ಮಾತೇ ಇಲ್ಲ. ಭಾನುವಾರ ಅವಳು ಮುಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕೂತಿರುತ್ತಿದ್ದಳು. ಬಾಗಿಲಿನ ಸಂದಿಯಿಂದ ಕಾಣುತ್ತಿದ್ದದ್ದು ಒಂದೇ. ಗಂಡ ಉದ್ದನೆಯ ಮರದ ಸೌಟಿನ ತಲೆಯನ್ನು ಪಾತ್ರೆಗೆ ಒತ್ತಿ, ಹಿಡಿಯ ತುದಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಂತಿರುತ್ತಿದ್ದ.

“ಏನ್ ಹೇಳ್ತು ನಿಮ್ಮ ಪಾತ್ರೆ?” ಎಂದು ಅವಳು ಇಲ್ಲಿಂದ ಕೂಗುತ್ತಿದ್ದಳು.

“ಹೆಂಡತಿ ಕೈಲಿ ಕೊಡ್ಬೇಡ ಅಂತು.”

ಅವನು ಬಸ್ ಡಿಪೋದಲ್ಲಿ ಫಿಟ್ಟರ್. ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರ್ ಒತ್ತಿ ಹಿಡಿಯನ್ನು ಕಿವಿಗಿಟ್ಟರೆ ಒಳಗೆ ಯಾವ ಬೇರಿಂಗ್ ಸವೆದಿದೆ ಅಂತ ಗೊತ್ತಾಗುತ್ತದಂತೆ. ಡಿಪೋದಲ್ಲಿ ಕಲಿತ ಬುದ್ಧಿಯನ್ನು ಒಲೆಗೂ ತಂದಿದ್ದ. ಕುಕ್ಕರ್ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಒಳಗೆ ಏನು ನಡೀತಿದೆ ಅಂತ ಕೇಳಿಸಿಕೊಳ್ಳೋಣ ಅಂದರೆ ಸೀಟಿ ಹೊಡೆದು ಬಾಯಿ ಮುಚ್ಚಿಸುತ್ತದೆ ಅನ್ನುತ್ತಿದ್ದ.

ಭಾನುವಾರದ ಊಟಕ್ಕೆ ಅವನ ತಂಗಿ ಬರುತ್ತಿದ್ದಳು. ಅವಳು ಶಾಲೆಯಲ್ಲಿ ಟೀಚರ್, ಭಾಷೆಯ ಪಾಠ ಮಾಡುವವಳು. ಒಂಟಿ. ಆಗಾಗ ಡಿಪೋದ ವೆಲ್ಡರ್ ಕೂಡ ಬರುತ್ತಿದ್ದ. ಅವನು ಫಿಟ್ಟರನಿಗಿಂತ ಆರು ವರ್ಷ ಚಿಕ್ಕವನು, ಫಿಟ್ಟರಣ್ಣ ಅಂತಲೇ ಕರೆಯುವವನು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಆ ಮೇಜಿಗೆ ಬೇರೆ ಯಾರೂ ಹೆಚ್ಚಾಗಿ ಬಂದವರಲ್ಲ. ಮಕ್ಕಳಾಗಲಿಲ್ಲ. ಆ ಮಾತು ಅವರು ಹತ್ತು ವರ್ಷದ ಹಿಂದೆಯೇ ಆಡಿ ಮುಗಿಸಿದ್ದರು.

ಒಂದು ಶನಿವಾರ ಅವಳು ಮರೆತಳು. ಲಾಂಡ್ರಿಯಲ್ಲಿ ಒಂದು ಮೆಷಿನ್ ಕೆಟ್ಟು, ಹಸಿ ಚಾದರದ ಗುಡ್ಡೆ ಬಿದ್ದು, ಮನೆಗೆ ಬಂದವಳು ಹಾಗೇ ಒರಗಿಬಿಟ್ಟಳು. ಭಾನುವಾರ ಬೆಳಿಗ್ಗೆ ಗಂಡ ತಟ್ಟೆ ಎತ್ತಿದರೆ ಖಾಲಿ ಪಾತ್ರೆ. ಅವತ್ತು ಬಂದವರಿಗೆಲ್ಲ ಬ್ರೆಡ್ಡು, ಮೊಟ್ಟೆ.

“ಇರೋದು ಒಂದೇ ಒಂದು ಕೆಲಸ,” ಎಂದ ಫಿಟ್ಟರ್.

“ನನಗಿರೋದು ಒಂದೇ ಕೆಲಸವಾ? ಪಾತ್ರೆ ತಿಕ್ಕೋದು ನಿಮ್ಮ ಡಿಪೋದವರು ಬಂದು ಮಾಡ್ತಾರಾ?”

ಮಾತಿಗೆ ಮಾತು ಬೆಳೆಯಿತು. ಸೋಮವಾರ, ಮಂಗಳವಾರ ಇಬ್ಬರೂ ಮುಖ ಗಂಟು ಹಾಕಿಕೊಂಡು ಓಡಾಡಿದರು. ಬುಧವಾರ ಅವನೇ ಸೋತು ಬಾಳೆಹಣ್ಣು ತಂದ. ಅಲ್ಲಿಗೆ ಜಗಳ ಮುಗಿಯಿತು.

ಮುಂದಿನ ಶನಿವಾರ ಅವನಿಗೆ ಎರಡನೇ ಪಾಳಿ. ಅವಳು ನಸುಕಿನಲ್ಲೇ ಹೊರಟಿದ್ದಳು. ಅವನು ಮಧ್ಯಾಹ್ನ ಹೊರಡುವ ಮುಂಚೆ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಗೆ ದಪ್ಪ ಪೆನ್ಸಿಲಿನಲ್ಲಿ ಎರಡು ಪದ ಬರೆದು, ಮೈದಾ ಅಂಟಿನಿಂದ ಕಾಳಿನ ಡಬ್ಬಿ ಇರುವ ಕಪಾಟಿನ ಬಾಗಿಲಿಗೆ ಅಂಟಿಸಿದ. ‘ಮರೀಬೇಡ. ನೆನೆಸು.’

ಎರಡೇ ಪದ ಯಾಕೆಂದರೆ ಅವಳು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಅಕ್ಷರ ಕೂಡಿಸಿ ಓದಬೇಕು. ಅದಕ್ಕೇ ಅವನು ಅವಳಿಗೆ ಬರೆಯುವ ಚೀಟಿಯಲ್ಲೆಲ್ಲ ಅಕ್ಷರ ದೊಡ್ಡದು, ಮಾತು ಚಿಕ್ಕದು. ‘ಹಾಲು ಇದೆ.’ ‘ಬೀಗ ಹಾಕು.’ ‘ಕೊಡೆ ಒಯ್ಯಿ.’

ಆ ಚೀಟಿಯನ್ನು ಅವಳು ಸಮಯಕ್ಕೆ ನೋಡಲಿಲ್ಲ. ಎರಡೂವರೆಗೆ ಡಿಪೋದಲ್ಲಿ, ಬಸ್ಸಿನ ಕೆಳಗಿನ ಗುಂಡಿಯಲ್ಲಿ ನಿಂತು ಬೋಲ್ಟು ಬಿಗಿಯುತ್ತಿದ್ದವನು ಹಾಗೇ ಗೋಡೆಗೆ ಒರಗಿದ. ಕೈಯಲ್ಲಿದ್ದ ಸ್ಪ್ಯಾನರ್ ಬಿದ್ದ ಸದ್ದು ಕೇಳಿ ವೆಲ್ಡರ್ ಇಳಿದ. ಹೃದಯ ನಿಂತಿತ್ತು. ಲಾಂಡ್ರಿ ಇದ್ದ ಆಸ್ಪತ್ರೆಗೇ ತಂದರು. ಅವಳು ಹಿಂದಿನ ಕಟ್ಟಡದಿಂದ ಮುಂದಿನ ಕಟ್ಟಡಕ್ಕೆ ನಡೆದು ಹೋದಳು, ಅಷ್ಟೇ. ಅವನ ಮೇಲೆ ಹೊದಿಸಿದ್ದ ಚಾದರ ತಾನೇ ಮಡಿಸಿದ್ದು ಅಂತ ಗೊತ್ತಾಯಿತು. ಮೂಲೆ ಕೂಡಿಸುವ ರೀತಿ ಒಬ್ಬೊಬ್ಬರದು ಒಂದೊಂದು ಥರ.

ಸಂಜೆ ಮನೆ ತುಂಬ ಜನ. ನೀರು ತರಲು ಅಡಿಗೆಮನೆಗೆ ಹೋದ ನಾದಿನಿ ಒಂದು ಕೂಗು ಹಾಕಿ ಹೊರಗೆ ಬಂದಳು. ಕೈಯಲ್ಲಿ ಕ್ಯಾಲೆಂಡರಿನ ಹಾಳೆ.

“ಅಣ್ಣಂಗೆ ಗೊತ್ತಿತ್ತು! ನೋಡಿ ಅತ್ತಿಗೆ, ಹೋಗೋದು ಗೊತ್ತಿತ್ತು ಅವನಿಗೆ. ಬರೆದಿಟ್ಟು ಹೋಗಿದಾನೆ!”

ಹಾಳೆ ಕೈಯಿಂದ ಕೈಗೆ ಹೋಯಿತು. ಓದಿದವರೆಲ್ಲ ಕಣ್ಣಿಗೆ ಕೈ ಒತ್ತಿಕೊಂಡರು. ಕೊನೆಗೆ ಅದು ಅವಳ ಕೈಗೂ ಬಂತು. ಅವಳು ಅಕ್ಷರ ಕೂಡಿಸಿ ಓದಿದಳು. ಓದುತ್ತಿದ್ದ ಹಾಗೇ ತಲೆಯಲ್ಲಿ ಬಂದದ್ದು, ಇವತ್ತೂ ನೆನೆಸಲಿಲ್ಲವಲ್ಲ ಅಂತ.

ಬಾಯಿ ತೆರೆದಳು. ಆದರೆ ನಾದಿನಿ ಅವಳ ಕೊರಳಿಗೆ ಬಿದ್ದು ಅಳುತ್ತಿದ್ದಳು. ಹಾಗೆ ಅಳುವವಳ ಕಿವಿಯಲ್ಲಿ ಅದು ಕಾಳಿನ ವಿಷಯ ಕಣೇ ಅಂತ ಹೇಳುವುದು ಹೇಗೆ? ಬಾಯಿ ಮುಚ್ಚಿಕೊಂಡಳು.

ಅವತ್ತು ಮುಚ್ಚಿದ ಬಾಯಿ ಆಮೇಲೆ ತೆರೆಯಲು ಕಷ್ಟವಾಯಿತು. ಒಂದು ವಾರ ಕಳೆದ ಮೇಲೆ ನಾದಿನಿ ಬಂದವಳು ಹಾಳೆಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದಳು. ಕೈಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳು.

“ಯೋಚನೆ ಮಾಡಿ ಅತ್ತಿಗೆ. ಮರೀಬೇಡ ಅಂದಿದ್ರೆ ಸಾಕಿತ್ತಲ್ವಾ? ಮತ್ತೆ ನೆನೆಸು ಅಂತ ಯಾಕೆ ಬರೆದ? ಮರೀಬೇಡ ಅನ್ನೋದು ಬರೀ ಬೇಡ ಅನ್ನೋ ಮಾತು. ನೆನೆಸು ಅನ್ನೋದು ಮಾಡು ಅನ್ನೋ ಮಾತು. ಯಾರನ್ನ ಅಂತ ಕೂಡ ಬರೀಲಿಲ್ಲ ನೋಡಿ. ನನ್ನನ್ನ ಅಂತ ಬರೀಬಹುದಿತ್ತು, ಬರೀಲಿಲ್ಲ. ಅಣ್ಣ ಅಷ್ಟು ದೊಡ್ಡ ಮನುಷ್ಯ.”

“ಅವರಿಗೆ ಜಾಸ್ತಿ ಬರೆಯೋ ಅಭ್ಯಾಸ ಇರಲಿಲ್ಲ ಕಣಮ್ಮ,” ಎಂದಳು ಅವಳು.

“ಅದೇ ಅತ್ತಿಗೆ ನಾನೂ ಹೇಳ್ತಿರೋದು!”

ಡಿಪೋದಲ್ಲಿ ಎಲ್ಲರೂ ಸೇರಿ ಅವನ ಬಗ್ಗೆ ನಾಲ್ಕು ಮಾತು ಆಡಿದ ದಿನ ನಾದಿನಿ ಆ ಎರಡು ಪದ ಓದಿದಳು. ಗ್ರೀಸು ಮೆತ್ತಿದ ಬಟ್ಟೆಯ ಅರವತ್ತು ಗಂಡಸರು ತಲೆ ತಗ್ಗಿಸಿ ನಿಂತರು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡ. ಅಲ್ಲೇ ತೀರ್ಮಾನವಾಯಿತು. ಹಳೇ ಬಸ್ಸಿನ ಸೀಟಿನ ಕಬ್ಬಿಣದಿಂದ ವೆಲ್ಡರ್ ಒಂದು ಬೆಂಚು ಮಾಡುವುದು. ಗೇಟಿನ ಪಕ್ಕ, ಎಲ್ಲರೂ ಬುತ್ತಿ ಬಿಚ್ಚುವ ಜಾಗದಲ್ಲಿ ಅದನ್ನು ನಿಲ್ಲಿಸುವುದು. ಒರಗುವ ಪಟ್ಟಿಯ ಮೇಲೆ ಫಿಟ್ಟರನ ಕೊನೆಯ ಮಾತನ್ನು ವೆಲ್ಡಿಂಗ್ ರಾಡಿನಿಂದಲೇ ಬರೆಯುವುದು.

“ಸೋಮವಾರ ಬರೀತೀನಿ ಅಕ್ಕಾ,” ಎಂದ ವೆಲ್ಡರ್. “ಭಾನುವಾರ ಪಟ್ಟಿ ತರ್ತೀನಿ, ಸೀಮೆಸುಣ್ಣದಲ್ಲಿ ಬರೆದು. ಅಕ್ಷರ ಸರಿ ಇದೆಯಾ ನೀವು, ಟೀಚರ್ ನೋಡಿ ಹೇಳ್ಬಿಡಿ. ಆಮೇಲೆ ತಪ್ಪಾಯ್ತು ಅಂದ್ರೆ ಆಗಲ್ಲ. ಕಬ್ಬಿಣದ ಮೇಲೆ ಬರೆದದ್ದು ಅಳಿಸೋಕೆ ನನ್ನಿಂದಾನೂ ಆಗಲ್ಲ.”

ಲಾಂಡ್ರಿಗೆ ಹೋಗುವ ದಾರಿ ಡಿಪೋದ ಗೇಟಿನ ಮುಂದೆಯೇ. ದಿನಾ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಅವಳು ಅಕ್ಷರ ಕೂಡಿಸಿ ಓದುವವಳಾದರೂ ಆ ಎರಡು ಪದಕ್ಕೆ ಕೂಡಿಸಬೇಕಾಗಿರಲಿಲ್ಲ. ಮರೀಬೇಡ. ನೆನೆಸು. ಗಂಡ ಅವಳನ್ನು ಬೈದದ್ದು, ಕಬ್ಬಿಣದಲ್ಲಿ, ಊರಿಗೆಲ್ಲ ಕಾಣುವ ಹಾಗೆ. ಅದೂ ಅವಳು ಮಾಡದೇ ಬಿಟ್ಟ ಕೆಲಸ. ಸೋಮವಾರದೊಳಗೆ ಹೇಳಬೇಕು. ಹೇಳಿದರೆ ನಾದಿನಿಯ ಕೈಯಿಂದ ಅಣ್ಣನ ಕೊನೆಯ ಮಾತು ಕಿತ್ತುಕೊಂಡ ಹಾಗೆ. ಆ ಹುಡುಗಿಗೆ ಉಳಿದಿರುವುದು ಅದೊಂದೇ.

ಎರಡು ಸಲ ಹೇಳಲು ಹೋದಳು. ಒಂದು ಸಲ ಶಾಲೆಯ ಗೇಟಿನ ತನಕ ನಡೆದು, ಗಂಟೆ ಹೊಡೆದು ಮಕ್ಕಳು ಹೊರಗೆ ನುಗ್ಗಿದ್ದು ನೋಡಿ ವಾಪಸ್ಸು ಬಂದಳು. ಇನ್ನೊಂದು ಸಲ ಫೋನಿನಲ್ಲಿ “ಆ ಚೀಟಿ ಇದೆಯಲ್ಲ,” ಅಂದಳು. ಅತ್ತ ಕಡೆಯಿಂದ “ಎದೆ ಮೇಲೇ ಇಟ್ಕೊಂಡು ಮಲಗ್ತೀನಿ ಅತ್ತಿಗೆ,” ಅಂತ ಬಂತು. “ಹೂಂ, ಜೋಪಾನ,” ಅಂದು ಫೋನ್ ಇಟ್ಟಳು.

ಕೊನೆಗೆ ಭಾನುವಾರ ಊಟಕ್ಕೆ ಬಾ ಅಂತ ಹೇಳಿದಳು. ವೆಲ್ಡರನಿಗೂ ಹೇಳಿದಳು. ಕಾಳು ಮಾಡುತ್ತೇನೆ ಅಂದಳು. ಕಾಳು ಮುಂದಿದ್ದರೆ ಮಾತು ತಾನಾಗಿ ಬರುತ್ತದೆ ಅಂತ ಅವಳ ಲೆಕ್ಕ.

ಶನಿವಾರ ಸಂಜೆ ಡಬ್ಬಿ ಇಳಿಸಿದಳು. ಅವನು ತಂದ ಕಾಳು. ಲೋಟ ಮುಳುಗಿಸಿದಳು. ಪಾತ್ರೆ ಇಟ್ಟಳು. ನಲ್ಲಿ ತಿರುಗಿಸಲು ಹೋದ ಕೈ ಮುಂದೆ ಹೋಗಲಿಲ್ಲ. ಇಪ್ಪತ್ತಾರು ವರ್ಷ ಮಾಡಿದ ಕೆಲಸ, ಕೈ ಬರಲಿಲ್ಲ. ನೀರು ಹಾಕಿದರೆ ಅವನು ಹೇಳಿದ್ದು ಮಾಡಿದ ಹಾಗಾಗುತ್ತದೆ. ಮೂರು ವಾರ ತಡವಾಗಿ. ತಟ್ಟೆ ಮುಚ್ಚಿ ಬಂದುಬಿಟ್ಟಳು. ಬೆಳಿಗ್ಗೆ ಬೇಗ ಎದ್ದು ಹೆಚ್ಚು ಹೊತ್ತು ಬೇಯಿಸಿದರಾಯಿತು ಅಂದುಕೊಂಡಳು. ನೀರು, ಬೆಂಕಿ, ಹೊತ್ತು. ಅದರಲ್ಲೇನಿದೆ ಅಂತ.

ಬೆಳಿಗ್ಗೆ ಏಳಕ್ಕೆ ಒಲೆ ಹಚ್ಚಿದಳು. ಒಣ ಕಾಳು, ನಲ್ಲಿ ನೀರು, ನಾಲ್ಕು ಟೊಮೇಟೊ, ಈರುಳ್ಳಿ, ಉಪ್ಪು, ಖಾರ ಎಲ್ಲ ಒಟ್ಟಿಗೇ ಹಾಕಿ ಜೋರು ಉರಿಯಲ್ಲಿ ಕುದಿಸಿದಳು. ಹತ್ತಕ್ಕೆ ನೀರು ಬತ್ತಿತು, ಇನ್ನಷ್ಟು ಹಾಕಿದಳು. ಹನ್ನೊಂದಕ್ಕೆ ಮತ್ತೆ ಹಾಕಿದಳು. ಬಣ್ಣ ಬಂದಿತ್ತು, ವಾಸನೆಯೂ ಬಂದಿತ್ತು. ಆಗಿದೆ ಅಂದುಕೊಂಡಳು. ರುಚಿ ನೋಡಲಿಲ್ಲ. ರುಚಿ ನೋಡುವುದು ಯಾವತ್ತೂ ಅವಳ ಕೆಲಸವಾಗಿರಲಿಲ್ಲ.

ಹನ್ನೆರಡಕ್ಕೆ ಇಬ್ಬರೂ ಬಂದರು. ವೆಲ್ಡರನ ಕಂಕುಳಲ್ಲಿ ಗೋಣಿಚೀಲ ಸುತ್ತಿದ ಕಬ್ಬಿಣದ ಪಟ್ಟಿ. ಬಿಚ್ಚಿ ಗೋಡೆಗೆ ಒರಗಿಸಿದ. ಕಪ್ಪು ಕಬ್ಬಿಣದ ಮೇಲೆ ಬಿಳಿ ಅಕ್ಷರ.

“ಮರೀಬೇಡದ ಡ ಸ್ವಲ್ಪ ಸೊಟ್ಟ ಆಗಿದೆ,” ಎಂದಳು ನಾದಿನಿ.

“ಅದಕ್ಕೇ ತಂದಿದ್ದು ಟೀಚರ್. ನನ್ನ ಕೈಬರಹಕ್ಕೆ ನಮ್ಮ ಮೇಷ್ಟ್ರು ಮೂರು ಬೆತ್ತ ಮುರಿದ್ರು. ಡ ನೆಟ್ಟಗಾಗಲಿಲ್ಲ.”

ಅವಳು ಆ ಕಡೆ ನೋಡದೆ ಬಡಿಸಿದಳು. ಬ್ರೆಡ್ಡು ಇಟ್ಟಳು. ನಾದಿನಿ ಫಿಟ್ಟರ್ ಕೂರುತ್ತಿದ್ದ ಕುರ್ಚಿ ಬಿಟ್ಟು ಅದರ ಪಕ್ಕದ್ದರಲ್ಲಿ ಕೂತಳು. ವೆಲ್ಡರ್ ಒಂದು ಚಮಚ ಬಾಯಿಗಿಟ್ಟ. ಕಟಕ್ ಅಂತ ಸದ್ದು ಬಂತು. ಅಗಿಯುವುದನ್ನು ನಿಲ್ಲಿಸಿ ದವಡೆಗೆ ಕೈ ಹಿಡಿದುಕೊಂಡ. ಆಮೇಲೆ ಮರ್ಯಾದೆಗೆ ನಿಧಾನವಾಗಿ ಅಗಿಯತೊಡಗಿದ.

“ಖಾರ ಚೆನ್ನಾಗಿ ಹಿಡಿದಿದೆ ಅಕ್ಕಾ,” ಎಂದ.

ನಾದಿನಿಗೆ ಆ ನಾಜೂಕು ಇರಲಿಲ್ಲ. ಶಾಲೆಯಲ್ಲಿ ಕೇಳುವ ಹಾಗೇ ಕೇಳಿಬಿಟ್ಟಳು.

“ಏನತ್ತಿಗೆ, ಕಾಳು ಕಲ್ಲಾಗಿದೆ. ನೆನೆಸಿರಲಿಲ್ವಾ?”

ಹೇಳಬೇಕಾದ ಹೊತ್ತು ಬಂದಿತ್ತು. ಅವಳು ಸೌಟು ಕೆಳಗಿಟ್ಟಳು.

“ಇಲ್ಲ. ನೆನೆಸಿರಲಿಲ್ಲ. ಅವತ್ತೂ ನೆನೆಸಿರಲಿಲ್ಲ. ಅವರು ಬರೆದಿಟ್ಟು ಹೋಗಿದ್ರು, ಆದ್ರೂ ನೆನೆಸಲಿಲ್ಲ.”

ನಾದಿನಿಯ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ಅವಳು ಗೋಡೆಗೆ ಒರಗಿದ್ದ ಪಟ್ಟಿ ನೋಡಿದಳು. ತಟ್ಟೆ ನೋಡಿದಳು. ಮತ್ತೆ ಪಟ್ಟಿ ನೋಡಿದಳು.

“ಅತ್ತಿಗೆ,” ಎಂದಳು.

“ಅದರ ಹಿಂದಿನ ವಾರ ನಾನು ಮರೆತಿದ್ದೆ. ನೀನೂ ಬಂದಿದ್ದೆ ಅವತ್ತು, ಮೊಟ್ಟೆ ತಿಂದು ಹೋದೆ. ಜಗಳ ಆಗಿತ್ತು. ಅದಕ್ಕೇ ಬರೆದ್ರು. ಕಪಾಟಿನ ಬಾಗಿಲಿಗೆ ಅಂಟಿಸಿದ್ರಲ್ಲ, ಒಳಗಿರೋದು ಕಾಳಿನ ಡಬ್ಬಿ.”

ಮೊದಲು ಸದ್ದು ಬಂದದ್ದು ವೆಲ್ಡರನಿಂದ. ಮೂಗಿನಲ್ಲಿ ಬಂದ ಸದ್ದು. ಕೆಮ್ಮು ಅಂತ ತೋರಿಸಲು ನೋಡಿದ, ಆಗಲಿಲ್ಲ. ತಲೆ ತಗ್ಗಿಸಿ, ಮೇಜು ಹಿಡಿದುಕೊಂಡು, ಭುಜ ಕುಲುಕಿಸಿ ನಕ್ಕ. “ಅರವತ್ತು ಜನ ಅಕ್ಕಾ. ಅರವತ್ತು ಜನ ತಲೆ ತಗ್ಗಿಸಿ ನಿಂತಿದ್ವಿ. ಮ್ಯಾನೇಜರ್ ಅತ್ತುಬಿಟ್ಟ! ಕಾಳಿಗೆ!”

ನಾದಿನಿ ಎದ್ದು ಕಿಟಕಿಯ ಹತ್ತಿರ ಹೋದಳು. ಬೆನ್ನು ಮಾತ್ರ ಕಾಣುತ್ತಿತ್ತು.

“ಶಾಲೇಲಿ ಪಾಠ ಮಾಡ್ದೆ ಅತ್ತಿಗೆ,” ಎಂದಳು. ದನಿ ಗಟ್ಟಿಯಾಗಿತ್ತು. “ಆ ಎರಡು ಪದದ ಮೇಲೆ. ಕಡಿಮೆ ಮಾತಲ್ಲಿ ಹೆಚ್ಚು ಹೇಳೋದು ಹೇಗೆ ಅಂತ. ನಲವತ್ತೆರಡು ಮಕ್ಕಳು ಬರ್ಕೊಂಡ್ರು. ಪರೀಕ್ಷೆಗೂ ಕೊಟ್ಟೆ. ಐದು ಅಂಕಕ್ಕೆ.”

ವೆಲ್ಡರನಿಗೆ ಇನ್ನೂ ತಡೆಯಲಾಗಲಿಲ್ಲ. ಎದ್ದು ಅಡಿಗೆಮನೆಗೆ ಓಡಿದ.

“ಮೂರು ವಾರ ನನ್ನ ಮುಖ ನೋಡ್ಕೊಂಡು ಸುಮ್ಮನೆ ಕೂತಿದ್ರಲ್ಲ ಅತ್ತಿಗೆ. ನಾನು ಹುಚ್ಚಿ ಥರ ಊರೆಲ್ಲ ಓದಿ ಹೇಳ್ತಿದ್ದೆ. ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

“ನೀನು ಅಳ್ತಿದ್ದೆ.”

“ನೀವು ಅಳಲೇ ಇಲ್ಲ.”

“ನನಗೆ ಪಾಳಿ ಇತ್ತು,” ಎಂದಳು ಅವಳು. ಆ ಮಾತಿಗೆ ಅರ್ಥವಿರಲಿಲ್ಲ. ಬಾಯಿಗೆ ಬಂದದ್ದು ಅದೇ.

ನಾದಿನಿ ತಿರುಗಿದಳು. ಅವಳ ಮುಖದಲ್ಲಿ ಎರಡು ಕೆಲಸ ಒಟ್ಟಿಗೇ ನಡೆಯುತ್ತಿತ್ತು. ಕಣ್ಣು ತುಂಬಿತ್ತು, ತುಟಿಯ ಒಂದು ಮೂಲೆ ನಡುಗುತ್ತಿತ್ತು. ಆ ಮೂಲೆ ಗೆದ್ದಿತು. ಕುರ್ಚಿಯಲ್ಲಿ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಯಾವಾಗ ಅಳುವಾಯಿತು ಅಂತ ಅವಳಿಗೂ ಗೊತ್ತಾಗಲಿಲ್ಲ. ಫಿಟ್ಟರನ ಹೆಂಡತಿ ಎದ್ದು ಹೋಗಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು.

ಅಡಿಗೆಮನೆಯಿಂದ ವೆಲ್ಡರ್ ಕೂಗಿದ. “ಅಕ್ಕಾ, ಟೊಮೇಟೊ ಮೊದಲೇ ಹಾಕಿದ್ರಾ?”

“ಎಲ್ಲ ಒಟ್ಟಿಗೇ ಹಾಕ್ದೆ.”

“ಅಯ್ಯಯ್ಯೋ! ಹುಳಿ ಬಿದ್ರೆ ಕಾಳು ಮೈ ಬಿಗಿ ಹಿಡಿಯುತ್ತೆ. ಫಿಟ್ಟರಣ್ಣ ಇದ್ದಿದ್ರೆ ನಿಮ್ಮನ್ನ ಡಿಪೋ ಗುಂಡಿಗೆ ಇಳಿಸ್ತಿದ್ದ. ಸೋಡಾ ಎಲ್ಲಿದೆ? ಅಡಿಗೆ ಸೋಡಾ?”

ಮೂರೂ ತಟ್ಟೆಯ ಕಾಳನ್ನು ಮತ್ತೆ ಪಾತ್ರೆಗೆ ಸುರಿದರು. ವೆಲ್ಡರ್ ಬಿಸಿನೀರು ಹಾಕಿ, ಒಂದು ಚಿಟಿಕೆ ಸೋಡಾ ಉದುರಿಸಿದ. ಬುಸ್ ಅಂತ ನೊರೆ ಎದ್ದಿತು. ಉರಿ ಸಣ್ಣಗೆ ಮಾಡಿ ಮುಚ್ಚಳ ಓರೆಯಾಗಿಟ್ಟ. ಅಡಿಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ನಾದಿನಿ ಬಾಗಿಲಿನಲ್ಲಿ ನಿಂತಳು.

“ಡಿಪೋದಲ್ಲಿ ಸ್ಟೋವ್ ಇತ್ತಲ್ಲ, ಅದರ ಮೇಲೆ ಮಾಡಿ ಹಾಕ್ತಿದ್ದ ನಮಗೆ,” ಎಂದ ವೆಲ್ಡರ್. “ಮೊದಲು ಕಾಳನ್ನ ತಟ್ಟೇಲಿ ಹರವಿ ಓರೆ ಮಾಡೋದು. ಬೇರಿಂಗ್ ಗುಂಡು ನೋಡ್ತೀವಲ್ಲ, ಹಂಗೆ. ಉರುಳದೇ ನಿಂತದ್ದು ಕಲ್ಲು, ಇಲ್ಲಾ ಸೊಟ್ಟ ಕಾಳು. ನೆನೆದ ನೀರು ಚೆಲ್ಲಿಬಿಡೋದು, ಬೇರೆ ನೀರು ಹಾಕೋದು. ಶುರುವಿಗೆ ಹತ್ತು ನಿಮಿಷ ದಪ್ಪ ಉರೀಲಿ ಕೊತಕೊತ ಕುದಿಸ್ಲೇಬೇಕು, ಇಲ್ಲಾಂದ್ರೆ ಕೆಂಪು ಕಾಳು ಹೊಟ್ಟೆ ಕೆಡಿಸುತ್ತೆ. ನೊರೆ ತೆಗೀಬೇಕು. ಆಮೇಲೆ ಸಣ್ಣ ಉರಿ. ಹೊರಗಡೆ ಒಗ್ಗರಣೆ, ಈರುಳ್ಳಿ ಬೆಳ್ಳುಳ್ಳಿ. ಕಾಳು ಬೆಂದ ಮೇಲೇನೇ ಟೊಮೇಟೊ.”

“ಬೆಂದಿದ್ದು ಗೊತ್ತಾಗೋದು ಹೇಗೆ?” ಎಂದಳು ಅವಳು. ಅವಳು ಈ ಅರ್ಧವನ್ನು ಕೇಳುತ್ತಿರುವುದು ಇದೇ ಮೊದಲು.

“ಚಮಚದಲ್ಲಿ ಎರಡು ಕಾಳು ತೆಗೆದು ಊದ್ಬೇಕು. ಸಿಪ್ಪೆ ಸುರುಳಿ ಸುತ್ತಿದ್ರೆ ಹತ್ತಿರ ಬಂತು ಅಂತ. ಆಮೇಲೆ ಸೌಟು ಕಿವಿಗಿಟ್ಟು ಏನೋ ಕೇಳ್ತಿದ್ದ. ಅದು ನನಗೆ ಗೊತ್ತಿಲ್ಲ. ನನ್ನದು ವೆಲ್ಡಿಂಗು, ಕಿವಿ ಆವಾಗಲೇ ಹೋಗಿದೆ.”

ಕಾಳು ಮೆತ್ತಗಾಗಲು ಒಂದೂಕಾಲು ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಅವರು ಮುಂದಿನ ಕೋಣೆಗೆ ಬಂದು ಪಟ್ಟಿಯ ಮುಂದೆ ಕೂತರು.

“ಈಗ ಇದಕ್ಕೇನು ಮಾಡ್ಲಿ?” ಎಂದ ವೆಲ್ಡರ್. “ನನ್ನ ಕೇಳಿದ್ರೆ ಹಿಂಗೇ ಇರ್ಲಿ. ನಮ್ಮ ಮೂವರಿಗೆ ಮಾತ್ರ ಗೊತ್ತು.”

ನಾದಿನಿ ಅತ್ತಿಗೆಯ ಮುಖ ನೋಡಿದಳು. ಹೂಂ ಅನ್ನಲಿ ಅಂತ ಅವಳಿಗೆ ಆಸೆಯಿತ್ತು. ಅದು ಕಾಣುತ್ತಿತ್ತು.

“ಬೇಡ,” ಎಂದಳು ಫಿಟ್ಟರನ ಹೆಂಡತಿ. “ಅದು ನನಗೆ ಬರೆದದ್ದು. ಡಿಪೋಗಲ್ಲ.”

ಎದ್ದು ಹೋಗಿ ಒದ್ದೆ ಬಟ್ಟೆ ತಂದಳು. ಪಟ್ಟಿಯ ಮೇಲೆ ಒಂದೇ ಸಲ ಎಳೆದಳು. ಚಾದರ ಎಳೆದ ಹಾಗೆ, ಈ ತುದಿಯಿಂದ ಆ ತುದಿಗೆ. ಕಬ್ಬಿಣ ಕಪ್ಪಗೆ ಹೊಳೆಯಿತು. ನಾದಿನಿ ಕೈಚೀಲ ತೆರೆದು, ಪ್ಲಾಸ್ಟಿಕ್ ಹೊದಿಸಿದ ಹಾಳೆಯನ್ನು ತೆಗೆದು, ಕಣ್ಣೆತ್ತದೆ ಮೇಜಿನ ಮೇಲಿಟ್ಟಳು.

“ಡಿಪೋದಲ್ಲಿ ಬುತ್ತಿ ತಿನ್ನುವಾಗ ಅವರು ಏನ್ ಹೇಳ್ತಿದ್ರು?” ಎಂದು ಫಿಟ್ಟರನ ಹೆಂಡತಿ ವೆಲ್ಡರನನ್ನು ಕೇಳಿದಳು. “ದಿನಾ ಹೇಳೋ ಮಾತು.”

ವೆಲ್ಡರ್ ತಲೆ ಕೆರೆದುಕೊಂಡ. “ಬೈಗುಳ ಬಿಟ್ಟು?”

“ಬಿಟ್ಟು.”

“ಊಟಕ್ಕೆ ಲೇಟಾಗಿ ಬರೋನು. ಬಂದವನೇ, ಎಷ್ಟು ಜಾಗ ಇದ್ರೂ, ಸ್ವಲ್ಪ ಸರ್ಕೋ ಅನ್ನೋನು. ದಪ್ಪ ಮೈ ಇತ್ತಲ್ಲ. ಯಾರಾದ್ರೂ ಹೊಸಬ ನಿಂತ್ಕೊಂಡು ತಿಂತಿದ್ರೆ ಅವನ ಪರವಾಗೀನೂ ನಮಗೆ ಹೇಳೋನು. ಸರ್ಕೋ, ಸ್ವಲ್ಪ ಸರ್ಕೋ ಅಂತ.”

“ಅದನ್ನೇ ಬರಿ.”

“ಅಕ್ಕಾ, ಬೆಂಚಿನ ಮೇಲಾ?”

“ಬೆಂಚಿನ ಮೇಲಲ್ದೆ ಇನ್ನೆಲ್ಲಿ?”

ವೆಲ್ಡರ್ ಜೇಬಿನಿಂದ ಸೀಮೆಸುಣ್ಣ ತೆಗೆದ. ನಾದಿನಿ ಕೈ ಚಾಚಿದಳು.

“ಕೊಡಿ ಇಲ್ಲಿ. ನಿಮ್ಮ ಅಕ್ಷರ ನೋಡಿದ್ರೆ ಬಸ್ಸು ವಾಪಸ್ ಹೋಗುತ್ತೆ.”

ಅವಳು ನೆಲದ ಮೇಲೆ ಮಂಡಿಯೂರಿ, ಕರಿಹಲಗೆಯ ಮೇಲೆ ಬರೆಯುವ ಹಾಗೆ, ಒಂದೊಂದೇ ಅಕ್ಷರ ದುಂಡಗೆ ಬರೆದಳು. ಸ್ವಲ್ಪ ಸರ್ಕೋ. ಪಕ್ಕದಲ್ಲಿ ಸಣ್ಣದಾಗಿ, ಫಿಟ್ಟರ್. ಬರೆದು ಮುಗಿಸಿ, ಹಿಂದೆ ಸರಿದು ನೋಡಿ, “ಇದರ ಮೇಲೂ ಪಾಠ ಮಾಡ್ಬಹುದು,” ಎಂದಳು.

“ಬೇಡಮ್ಮ,” ಎಂದಳು ಅತ್ತಿಗೆ.

ಕಾಳು ಬೆಂದಿತ್ತು. ಬೆಂದಿತ್ತು ಅನ್ನುವುದಕ್ಕಿಂತ ಕರಗಿತ್ತು. ಸೋಡಾ ಹೆಚ್ಚಾಗಿ ಸ್ವಲ್ಪ ಸೋಪಿನ ರುಚಿ ಬಂದಿತ್ತು. ಮೂವರೂ ತಿಂದರು. ವೆಲ್ಡರ್ ಎರಡನೇ ಸಲ ಹಾಕಿಸಿಕೊಂಡು, ಬಾಯಿ ತೊಳೆದ ಹಾಗೂ ಆಯ್ತು ಅಂದ. ಆ ಮಾತಿಗೆ ಅವನ ಬೆನ್ನಿಗೆ ಒಂದು ಬಿತ್ತು.

ಮರುವಾರ ಬೆಂಚು ಬಂತು. ಗೇಟಿನ ಹತ್ತಿರ ಮೊದಮೊದಲು ಕೆಲವರು ಗೊಣಗಿದರು, ಫಿಟ್ಟರನ ಕೊನೇ ಮಾತು ಎಲ್ಲಿ ಅಂತ. ಮನೆಯವರು ಬೇಡ ಅಂದ್ರು ಅಂತ ವೆಲ್ಡರ್ ಹೇಳಿ ಮುಗಿಸಿದ. ಅಷ್ಟು ಹೇಳುವಾಗಲೂ ಅವನ ಮೂಗು ಸದ್ದು ಮಾಡುತ್ತಿತ್ತಂತೆ. ಅವಳು ದಿನಾ ಆ ದಾರಿಯಲ್ಲೇ ಹೋಗುತ್ತಾಳೆ. ನಾಲ್ಕು ಜನರ ಬೆಂಚಿನಲ್ಲಿ ಐದಾರು ಜನ ಇರುಕಿಕೊಂಡು ಕೂತಿರುತ್ತಾರೆ.

ಶನಿವಾರ ಅವಳು ಪ್ಲಾಸ್ಟಿಕ್ಕಿನ ಹಾಳೆಯನ್ನು ಕಪಾಟಿನ ಬಾಗಿಲಿಗೆ ಮತ್ತೆ ಅಂಟಿಸಲು ನೋಡಿದಳು. ಮೈದಾ ಅಂಟಿಗೆ ಅದು ನಿಲ್ಲಲಿಲ್ಲ, ಜಾರಿ ಬಿತ್ತು. ಲಾಂಡ್ರಿಯಿಂದ ತಂದ ಟೇಪು ಹಾಕಿ ನಿಲ್ಲಿಸಿದಳು. ತಟ್ಟೆಯಲ್ಲಿ ಕಾಳು ಹರವಿ, ಓರೆ ಮಾಡಿ, ಉರುಳದ ಮೂರು ಕಾಳು ಆರಿಸಿ ಎಸೆದಳು. ತೊಳೆದಳು. ನಾಲ್ಕು ಬೆರಳು ನೀರು ಹಾಕಿ ಮುಚ್ಚಿದಳು.

ಭಾನುವಾರ ನಾದಿನಿ ಬೇಗ ಬಂದು ಮುಂದಿನ ಕೋಣೆಯಲ್ಲಿ ಮಕ್ಕಳ ಉತ್ತರಪತ್ರಿಕೆ ಹರವಿಕೊಂಡಳು. ಐದು ಅಂಕದ ಪ್ರಶ್ನೆಗೆ ಎಲ್ಲರಿಗೂ ಐದಕ್ಕೆ ಐದು ಹಾಕುತ್ತಿದ್ದಳು.

ಒಳಗೆ ಅತ್ತಿಗೆ ಎರಡು ಕಾಳು ಚಮಚದಲ್ಲಿ ತೆಗೆದು ಊದಿದಳು. ಒಂದರ ಸಿಪ್ಪೆ ಸುರುಳಿ ಸುತ್ತಿತು, ಇನ್ನೊಂದರದು ಇಲ್ಲ. ಮರದ ಸೌಟು ತೆಗೆದು, ತಲೆಯನ್ನು ಪಾತ್ರೆಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟಳು.

“ಏನ್ ಹೇಳ್ತು ಅತ್ತಿಗೆ?” ಎಂದು ನಾದಿನಿ ಹೊರಗಿಂದ ಕೂಗಿದಳು.

“ಏನೂ ಇಲ್ಲ. ಗುಳುಗುಳು ಅಂತಿದೆ ಅಷ್ಟೇ.”

ಉರಿ ಇನ್ನೊಂದಿಷ್ಟು ಸಣ್ಣ ಮಾಡಿ, ಮತ್ತೆ ಕಿವಿ ಇಟ್ಟಳು.